ಜಪಾನಿನಲ್ಲಿ ಯಾರೂ ಕೇಳದ ಓಗಾವಾ ಪಟ್ಟು

ಕಮಲಾಪುರ, ಹೊರಡುವ ಮೊದಲು

ಜಪಾನಿಗೆ ಹೋಗುವವರು ಹೂ ನೋಡಲು ಹೋಗುತ್ತಾರೆ, ರೈಲು ನೋಡಲು ಹೋಗುತ್ತಾರೆ. ನಾನು ಬೀಳಲು ಹೋದೆ. ಕಲಬುರಗಿಯ ನೆಹರು ಗಂಜಿನ ಪೇಟೆಯಲ್ಲಿ ತೊಗರಿಬೇಳೆ ವ್ಯಾಪಾರ ಮಾಡುವ ನಮ್ಮ ಯಜಮಾನರು ಇದನ್ನು ಕೇಳಿ ಕೈಯಲ್ಲಿದ್ದ ಬೇಳೆಯನ್ನು ಚೀಲಕ್ಕೆ ವಾಪಸು ಸುರಿದು ನನ್ನ ಮುಖ ನೋಡಿದರು. "ಬೀಳಾಕ ಜಪಾನ್ ತನಕ ಹೋಗಬೇಕೇನ? ನಮ್ಮ ಗಂಜಿನ ರಸ್ತಾದಾಗ ನಾಕು ಹೆಜ್ಜಿ ನಡಿ, ತಾನಾಗೇ ಬೀಳ್ತಿ," ಎಂದರು.

ನನ್ನ ಹೆಸರು ಸುವರ್ಣಾ. ಕಲಬುರಗಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಕಾಲೇಜು ಓದುವಾಗ ಶರಣಬಸವೇಶ್ವರ ಗುಡಿಯ ಹತ್ತಿರದ ಒಂದು ಹಳೇ ಸಭಾಂಗಣದಲ್ಲಿ ಐಕಿಡೊ ಕಲಿಯಲು ಶುರುಮಾಡಿದವಳು ಇನ್ನೂ ಬಿಟ್ಟಿಲ್ಲ. ಐಕಿಡೊ ಎಂದರೆ ಮೈಮೇಲೆ ಬಂದವನ ಬಲವನ್ನೇ ತಿರುಗಿಸಿ ಅವನನ್ನು ನೆಲಕ್ಕೆ ಒಗೆಯುವ ಜಪಾನೀ ವಿದ್ಯೆ. ಒಬ್ಬರು ಒಗೆಯಬೇಕು, ಇನ್ನೊಬ್ಬರು ಪೆಟ್ಟಾಗದ ಹಾಗೆ ಬೀಳಬೇಕು, ಆಮೇಲೆ ಪಾಳಿ ಬದಲು. ಅರ್ಧ ವಿದ್ಯೆ ಬೀಳುವುದರಲ್ಲೇ ಇದೆ. ಸೊಸೆಯರಿಗೆ ಇದು ಬೇಗ ಬರುತ್ತದೆ ಎಂದು ನಾನು ತಮಾಷೆ ಮಾಡುವುದುಂಟು.

ನಮಗೆ ಕಲಿಸಿದವರು ಹತ್ತಿರದ ಕಮಲಾಪುರದಿಂದ ಬರುತ್ತಿದ್ದ ಬಸಣ್ಣ ಮಾಸ್ತರರು. ಪ್ರಾಯದಲ್ಲಿ ಅವರು ಗರಡಿಯ ಪೈಲ್ವಾನ್, ಆಮೇಲೆ ನಮ್ಮ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟರ್. ಆ ಫ್ಯಾಕ್ಟರಿಗೆ ಹೊಸ ಭಟ್ಟಿ ಕೂಡಿಸಲು ಜಪಾನಿನಿಂದ ಓಗಾವಾ ಎಂಬ ಎಂಜಿನಿಯರ್ ಬಂದಿದ್ದರಂತೆ. ಆ ಸಾಹೇಬರಿಗೆ ಕನ್ನಡ ಬಾರದು, ಮಾಸ್ತರರಿಗೆ ಜಪಾನೀ ಬಾರದು, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಸಂಜೆಯಾದರೆ ಸಾಕು, ಗೆಸ್ಟ್‌ಹೌಸಿನ ಶಹಾಬಾದಿ ಕಲ್ಲಿನ ನೆಲದ ಮೇಲೆ ಜಮಖಾನೆ ಹಾಸಿ ಒಬ್ಬರನ್ನೊಬ್ಬರು ಒಗೆಯುತ್ತಿದ್ದರು. ಹೋಗುವಾಗ ಸಾಹೇಬರು ತಮ್ಮ ಹಳದಿ ಹೆಲ್ಮೆಟ್ಟನ್ನು ಮಾಸ್ತರರಿಗೆ ಕೊಟ್ಟು ಹೋದರು. ಲೋಕದ ಎಲ್ಲ ಐಕಿಡೊ ಶಾಲೆಗಳಲ್ಲಿ ಮೂಲಗುರುಗಳ ಫೋಟೊಕ್ಕೆ ಬಾಗಿ ಪಾಠ ಶುರುಮಾಡುತ್ತಾರೆ. ನಾವು ಗೂಡಿನಲ್ಲಿಟ್ಟ ಹಳದಿ ಹೆಲ್ಮೆಟ್ಟಿಗೆ ಬಾಗಿ ಶುರುಮಾಡುತ್ತೇವೆ.

ಮಾಸ್ತರರು ಕಲಿಸಿದ ಪಟ್ಟುಗಳಿಗೆಲ್ಲ ಜಪಾನೀ ಹೆಸರುಗಳಿದ್ದವು. ಒಂದಕ್ಕೆ ಮಾತ್ರ ಅವರು ಕಲಿಸಿದವರ ಹೆಸರನ್ನೇ ಇಟ್ಟಿದ್ದರು: ಓಗಾವಾ ಪಟ್ಟು. ಎದುರಿನವನು ಮೇಲಿಂದ ಹೊಡೆಯಲು ಬಂದಾಗ ಅವನ ಪಕ್ಕಕ್ಕೆ ಹೊಕ್ಕು, ತೋಳು ಹಿಡಿದು, ಇದ್ದಕ್ಕಿದ್ದ ಹಾಗೆ ಒಂದು ಕಾಲನ್ನು ಮುಂದಕ್ಕೆ ಜಾರಿಸಿ ನಾವೇ ಕುಸಿಯಬೇಕು. ನಾವು ಕುಸಿದೆವೋ ಇಲ್ಲವೋ, ಅವನು ನಮ್ಮ ತಲೆಯ ಮೇಲಿಂದ ಹಾರಿ ಆಚೆ. ಬಹಳ ಚೆಂದದ ಪಟ್ಟು. ಅದನ್ನು ಕಲಿಸುವಾಗಲೆಲ್ಲ ಮಾಸ್ತರರು ಒಂದೇ ಕಥೆ ಹೇಳುತ್ತಿದ್ದರು. "ಆ ದಿನ ಸಾಹೇಬ್ರು ನನ್ನ ಹೆಂಗ ಒಗದ್ರಂದ್ರ, ಬಿದ್ದಿದ್ದೇ ತಿಳೀಲಿಲ್ಲ. ದಂಡಿಗಿಟ್ಟಿದ್ದ ಎರಡು ಚಾದ ಗಲಾಸಿನಾಗ ಒಂದು ಪುಡಿಪುಡಿ. ಮರುದಿನ ಇದು ಯಾವ ಪಟ್ಟ್ರೀ ಅಂತ ಕೈಸನ್ನಿ ಮಾಡಿ ಕೇಳಿದೆ. ನಕ್ಕೋತ ನನ್ನ ಬೆನ್ನು ತಟ್ಟಿದ್ರು. ದೊಡ್ಡ ಮನುಷ್ಯಾ."

ಹೋದ ವರ್ಷ ಬೆಂಗಳೂರಿನಿಂದ ಒಬ್ಬ ತರುಣ ತರಬೇತುದಾರ ಬಂದ. ಮಾಸ್ತರರ ಕಮಲಾಪುರದ ಕ್ಲಾಸಿಗೆ ನಾನೇ ಕರೆದುಕೊಂಡು ಹೋದೆ. ಹೆಲ್ಮೆಟ್ಟಿಗೆ ಬಾಗುವಾಗಲೇ ಅವನ ತುಟಿ ಸೊಟ್ಟಗಾಗಿತ್ತು. ಓಗಾವಾ ಪಟ್ಟು ನೋಡಿದ ಮೇಲೆ ಎಲ್ಲ ಮಕ್ಕಳ ಎದುರಿಗೇ, "ಸರ್, ಈ ಹೆಸರಿನ ಟೆಕ್ನಿಕ್ ಐಕಿಡೊದಲ್ಲಿ ಇಲ್ಲವೇ ಇಲ್ಲ. ಮೊದಲ ಟೆಕ್ನಿಕ್‌ಗೆ ನೀವು ಇಕ್ಕಾಜೊ ಅಂತೀರಲ್ಲ, ಅದೂ ತಪ್ಪು, ಅದರ ಹೆಸರು ಇಕ್ಕ್ಯೊ. ಯಾರೋ ನಿಮಗೆ ತಪ್ಪು ಹೇಳಿಕೊಟ್ಟಿದ್ದಾರೆ," ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಮಾಸ್ತರರು ಮಾತ್ರ ಆ ಸಂಜೆಯೇ ಜಮಖಾನೆ ಸುತ್ತಿ ಅಟ್ಟಕ್ಕೇರಿಸಿದರು. ಕ್ಲಾಸು ನಿಂತಿತು. ಬಸ್‌ಸ್ಟ್ಯಾಂಡಿನ ಹತ್ತಿರ ಅಳಿಯನ ಬಾಳೆಹಣ್ಣಿನ ಅಂಗಡಿಯಲ್ಲಿ ಕೂತು, ಕೆಂಪು ಬಾಳೆಗೊನೆಯ ಮೇಲೆ ನೊಣ ಓಡಿಸುವುದೇ ಅವರ ಕೆಲಸವಾಯಿತು. ನಾನು ಹೋಗಿ ಗೋಗರೆದೆ. "ನಾ ಕಲಿಸಿದ್ದು ಖೊಟ್ಟಿ ರೊಕ್ಕ ಆತಲ್ಲ ಯವ್ವಾ. ಗೊತ್ತಾದ ಮ್ಯಾಲೂ ಹೆಂಗ ಮಂದಿ ಕೈಯಾಗ ಕೊಡ್ಲಿ?" ಎಂದರು.

ಆ ಮಾತು ನನ್ನ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅವರದು ಖೊಟ್ಟಿಯಾದರೆ ನಾನು ಇಷ್ಟು ವರ್ಷ ಹೆಣ್ಣುಮಕ್ಕಳಿಗೆ ಕಲಿಸಿದ್ದೂ ಖೊಟ್ಟಿಯೇ. ಖರೇ ಯಾವುದು, ಖೊಟ್ಟಿ ಯಾವುದು ಎಂದು ಅದು ಹುಟ್ಟಿದ ಊರಿನಲ್ಲೇ ಕೇಳಿ ಬರುತ್ತೇನೆಂದು ಹೊರಟೆ.

ಟೋಕಿಯೊ

ಮೊದಲ ಆಘಾತ ರೈಲಿನಲ್ಲೇ ಕಾದಿತ್ತು. ಡಬ್ಬಿಯ ತುಂಬ ಜನ, ಆದರೆ ಉಸಿರಾಡುವ ಸದ್ದೂ ಇಲ್ಲ. ನಮ್ಮ ಕಲಬುರಗಿ ಕಮಲಾಪುರದ ಬಸ್ಸಿನಲ್ಲಿ ಇಷ್ಟೊತ್ತಿಗೆ ಎರಡು ಮದುವೆ ಮಾತುಕತೆ ಮುಗಿದು ಮೂರನೆಯದು ಮುರಿದಿರುತ್ತಿತ್ತು. ನನಗೋ ಹಸಿವು. ಚೀಲದಿಂದ ಕಡಕ್ ರೊಟ್ಟಿ ತೆಗೆದು ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟೆ. 'ಕಟಂ' ಎಂದು ಸದ್ದಾಯಿತು ನೋಡಿ, ಇಡೀ ಡಬ್ಬಿ ಬೆಚ್ಚಿತು. ಯಾರೂ ನನ್ನತ್ತ ತಿರುಗಲಿಲ್ಲ, ಅದೇ ಇನ್ನೂ ಭಯವಾಯಿತು. ಉಳಿದ ಚೂರನ್ನು ಬಾಯಲ್ಲಿ ನೆನೆಸಿ ನೆನೆಸಿ, ಹಲ್ಲು ಬಿದ್ದ ಅಜ್ಜಿಯ ಹಾಗೆ ನುಂಗಿದೆ.

ಟೋಕಿಯೊದಲ್ಲಿ ನಾನು ಹೋದದ್ದು ಒಂದು ದೊಡ್ಡ ಶಾಲೆ. ಬಿಳಿ ಬಟ್ಟೆಯ ಜನ ಸಾಲಾಗಿ ಕೂತಿದ್ದರು. ಗುರುಗಳು ಮೊದಲ ಪಟ್ಟು ತೋರಿಸಿ "ಇಕ್ಕ್ಯೊ" ಎಂದರು. ನಮ್ಮ ಮಾಸ್ತರರ ಇಕ್ಕಾಜೊ! ಅದೇ ತೋಳು, ಅದೇ ತಿರುವು, ಅದೇ ನೆಲ. ಹೆಸರು ಮಾತ್ರ ಬೆಂಗಳೂರಿನ ಹುಡುಗ ಹೇಳಿದ್ದೇ. ಹಾಗಾದರೆ ಆ ಸೊಟ್ಟ ತುಟಿಯವನು ಹೇಳಿದ್ದು ನಿಜವೇ?

ಪಾಠ ಮುಗಿದ ಮೇಲೆ ಧೈರ್ಯ ಮಾಡಿ, ಓಗಾವಾ ಪಟ್ಟು ಗೊತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಒಬ್ಬರು ಬಹಳ ಮರ್ಯಾದೆಯಿಂದ, ಓಗಾವಾ ಎನ್ನುವುದು ಮನೆತನದ ಹೆಸರು, ಅದು ಪಟ್ಟಿನ ಹೆಸರಲ್ಲ ಎಂದರು. ಮಾಡಿ ತೋರಿಸಿದೆ. ನಾನು ಕಾಲು ಜಾರಿಸಿ ಕುಸಿದೆ, ನನ್ನ ಜೋಡಿಗೆ ನಿಂತ ಎತ್ತರದ ತರುಣಿ ಮೇಲಿಂದ ಹಾರಿಬಿದ್ದಳು. ಗುರುಗಳು ಗಲ್ಲ ಕೆರೆದುಕೊಂಡು, "ಅಪರೂಪದ್ದು. ನಮ್ಮ ಗುರುಮನೆಯದಲ್ಲ. ಬೇರೆ ಮನೆಯದಿರಬಹುದು," ಎಂದರು. ಆ ಮಾತು ಕೇಳಲು ನಯವಾಗಿಯೇ ಇತ್ತು, ಆದರೆ ನನಗೆ ಬಾಗಿಲು ಮುಚ್ಚಿದ ಹಾಗೆ ಆಯಿತು.

ಒಸಾಕಾ

ಒಸಾಕಾದಲ್ಲಿ ಜನ ಮಾತಾಡುತ್ತಾರೆ, ನಗುತ್ತಾರೆ, ತಿನ್ನುವಾಗ ಸದ್ದು ಮಾಡುತ್ತಾರೆ. ಜೀವಕ್ಕೆ ಸಮಾಧಾನವಾಯಿತು. ಅಲ್ಲಿ ಇನ್ನೊಂದು ಶಾಲೆಗೆ ಹೋದೆ. ಅದೂ ಐಕಿಡೊ, ಆದರೆ ಬೇರೆ ಪಂಥದ್ದು. ಗುರುಗಳು ನನ್ನನ್ನೇ ಕರೆದು "ಕೊಕ್ಯೂ-ನಾಗೆ" ಎಂದರು. ನಾಗೆ ಎಂದರೆ ಒಗೆತ. ಟೋಕಿಯೊದಲ್ಲಿ ಆ ಹೆಸರಿನಲ್ಲಿ ನನ್ನನ್ನು ಮುಂದಕ್ಕೆ ಒಗೆದಿದ್ದರು. ಸರಿ ಎಂದು ಮುಂದಕ್ಕೆ ಉರುಳಲು ಮೈ ಸಜ್ಜು ಮಾಡಿಕೊಂಡು ಹೋದೆ. ಆ ಪುಣ್ಯಾತ್ಮ ನನ್ನ ಹಿಂದೆ ಹೊಕ್ಕು, ಕುತ್ತಿಗೆ ಹಿಡಿದು, ಸುತ್ತಿ ಅಂಗಾತ ಒಗೆದರು. ಅದು ನಾವು ಕಮಲಾಪುರದಲ್ಲಿ ಇರಿಮಿ-ನಾಗೆ ಅನ್ನುವ ಪಟ್ಟು! ನಾನು ಮುಂದಕ್ಕೆ, ಅವರು ಹಿಂದಕ್ಕೆ. ಕುಂಡಿ ಮೊದಲು ನೆಲಕ್ಕೆ ಬಡಿದು, ಆಮೇಲೆ ಮಾನ ಬಿದ್ದಿತು. ಮೂರು ದಿನ ನಾನು ಎಲ್ಲಿಯೂ ಒಮ್ಮೆಗೇ ಕೂತವಳಲ್ಲ.

"ಇದು ಇರಿಮಿ-ನಾಗೆ ಅಲ್ಲವೇ?" ಎಂದು ಸೊಂಟ ಹಿಡಿದುಕೊಂಡೇ ಜಗಳಕ್ಕಿಳಿದೆ. ಗುರುಗಳು ನಕ್ಕರು. ಟೋಕಿಯೊದಲ್ಲಿ ಹಾಗೆ ಅನ್ನುತ್ತಾರೆ, ನಮ್ಮಲ್ಲಿ ಹೀಗೆ ಅನ್ನುತ್ತೇವೆ, ಈ ರಸ್ತೆಯ ಕೊನೆಗೆ ಇನ್ನೊಂದು ಶಾಲೆಯಿದೆ, ಅವರು ಇದನ್ನೇ ಐಗಮಾಯೆ-ಆತೆ ಅನ್ನುತ್ತಾರೆ ಎಂದರು. ಅಷ್ಟೇ ಅಲ್ಲ, ಇಕ್ಕಾಜೊ ಅನ್ನುವ ಮನೆಯೂ ಇದೆ, ಇಕ್ಕ್ಯೊ ಅನ್ನುವ ಮನೆಯೂ ಇದೆ, ಎರಡೂ ಹಳೆಯ ಮನೆಗಳೇ ಅಂತೆ.

ನಾನು ಬೆರಗಾಗಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಹುಟ್ಟಿದ ಊರಿನಲ್ಲೇ ಒಂದು ಹೆಸರಿಲ್ಲ! ನಮ್ಮಲ್ಲಿ ಚುರುಮುರಿ ಅಂದದ್ದನ್ನು ದಾವಣಗೆರೆಯಲ್ಲಿ ಮಂಡಕ್ಕಿ, ಬೆಂಗಳೂರಲ್ಲಿ ಪುರಿ ಅನ್ನುವ ಹಾಗೆ ಇವರೂ. ಚುರುಮುರಿಗೆ ಮೂರು ಹೆಸರಿದ್ದರೆ ಯಾರ ಸೊಂಟಕ್ಕೂ ಪೆಟ್ಟಾಗುವುದಿಲ್ಲ ಎನ್ನುವುದೊಂದೇ ಫರಕ. ಆ ಬೆಂಗಳೂರಿನ ಹುಡುಗ ಒಂದೇ ಮನೆ ನೋಡಿ ಇಡೀ ಊರಿನ ಪಂಚಾಯಿತಿ ಮಾಡಿದ್ದನಲ್ಲ ಎಂದು ಮತ್ತೆ ಸಿಟ್ಟು ಬಂತು. ಸಂತೋಷವೂ ಆಯಿತು.

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಓಗಾವಾ ಪಟ್ಟು ತೋರಿಸಿದಾಗ ಇವರೂ ತಲೆ ಅಲ್ಲಾಡಿಸಿದರು. "ಇದಕ್ಕೆ ಹೆಸರು ಬೇರೆ ಇದೆ ಅಂತಲ್ಲ. ಇದನ್ನು ನಾನು ಯಾವ ಮನೆಯಲ್ಲೂ ನೋಡಿಲ್ಲ," ಎಂದರು. ಉಳಿದ ಪಟ್ಟುಗಳೆಲ್ಲ ಖರೇ, ಇದೊಂದೇ ಖೊಟ್ಟಿ ಎಂದಾಯಿತೇ? ಮಾಸ್ತರರಿಗೆ ಪ್ರಾಣಕ್ಕಿಂತ ಹೆಚ್ಚಾದದ್ದು ಇದೊಂದೇ. ನನ್ನ ಮುಖ ಸಪ್ಪಗಾದದ್ದು ನೋಡಿ ಗುರುಗಳು ಓಗಾವಾ ಅವರ ಊರು ಯಾವುದೆಂದು ಕೇಳಿದರು. ಮಾಸ್ತರರು ಹೇಳಿಕಳಿಸಿದ್ದ ಊರಿನ ಹೆಸರು ಹೇಳಿದೆ. ಅವರು ನಾಲ್ಕಾರು ಕಡೆ ಫೋನು ಮಾಡಿ, ಆ ಊರಿನಲ್ಲಿ ಒಂದು ಸಣ್ಣ ಶಾಲೆ ಇನ್ನೂ ಇದೆಯಂತೆ ಎಂದರು.

ಸುಣ್ಣಕಲ್ಲಿನ ಊರು

ಅದು ಕ್ಯೂಷು ದ್ವೀಪದ ಸಮುದ್ರದಂಡೆಯ ಒಂದು ಚಿಕ್ಕ ಊರು. ಹೆಸರು ಬರೆಯುವುದಿಲ್ಲ. ಬರೆದರೆ ಕಲಬುರಗಿಯ ಜನ ಹೋಗಿ ಅಲ್ಲಿ ನನಗೆ ಸಿಕ್ಕ ಅಜ್ಜಿಯ ಮನೆಯಲ್ಲಿ ಚಹಾ ಕೇಳುತ್ತಾರೆ. ಊರ ಹಿಂದಿನ ಗುಡ್ಡವನ್ನು ಸುಣ್ಣಕಲ್ಲಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಬಸ್ಸಿಳಿದ ಕೂಡಲೇ ಮೂಗಿಗೆ ಸಿಮೆಂಟಿನ ವಾಸನೆ ಬಡಿಯಿತು. ಇಷ್ಟು ದೂರ ಬಂದು ನಮ್ಮ ಸಿಮೆಂಟ್ ಫ್ಯಾಕ್ಟರಿಗಳ ಶಹಾಬಾದಿನ ಹತ್ತಿರ ಇಳಿದೆನೋ ಏನೋ ಅನ್ನಿಸಿತು.

ಶಾಲೆ ನಡೆಸುವವರು ಹಿರೊಕೊ ಅಜ್ಜಿ. ಓಗಾವಾ ಅವರ ಶಿಷ್ಯೆ. ಗುಬ್ಬಚ್ಚಿಯಷ್ಟು ಇದ್ದಾರೆ, ಮುಟ್ಟಿದರೆ ಕಬ್ಬಿಣ. ಅವರ ಜೊತೆಗೆ ಮೊರಿ ಎಂಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಅವರೂ ಅಲ್ಲಿ ಕಲಿಯುವವರೇ. ಅಜ್ಜಿಯ ಜಪಾನೀ ಮೊರಿಯವರ ಇಂಗ್ಲಿಷ್ ಆಗಿ ನನಗೆ ತಲುಪುತ್ತಿತ್ತು. ಓಗಾವಾ ಅವರು ತೀರಿಕೊಂಡು ಕೆಲವು ವರ್ಷಗಳಾದವು ಎಂದು ಮೊದಲ ಮಾತಿನಲ್ಲೇ ಹೇಳಿದರು. ನಾನು ಅವರನ್ನು ಒಮ್ಮೆಯೂ ನೋಡಿದವಳಲ್ಲ, ಅವರ ಹೆಲ್ಮೆಟ್ಟಿಗೆ ಬಾಗಿದವಳು ಅಷ್ಟೆ. ಆದರೂ ಕಣ್ಣಲ್ಲಿ ನೀರು ಬಂತು. ಇನ್ನು ಯಾರನ್ನು ಕೇಳುವುದು?

ಪಾಠಕ್ಕೆ ಮುಂಚೆ ಅಲ್ಲಿ ಎಲ್ಲರೂ, ಅಜ್ಜಿಯೂ ಸೇರಿ, ಒದ್ದೆ ಬಟ್ಟೆ ಹಿಂಡಿ ನೆಲ ಒರೆಸುತ್ತಾರೆ. ನಿವೃತ್ತ ಮೇಷ್ಟ್ರು ಮಂಡಿಯೂರಿ ಒರೆಸುವುದನ್ನು ನೋಡಿ ನಾನು ಗಾಬರಿಯಾಗಿ ಬಟ್ಟೆ ಕಸಿಯಲು ಹೋದೆ. ಕೊಡಲಿಲ್ಲ. ಕಮಲಾಪುರದಲ್ಲೂ ಮಾಸ್ತರರು ನೆಲ ಒರೆಸದೆ ಪಾಠ ಶುರುಮಾಡುತ್ತಿರಲಿಲ್ಲ. ಅದು ಅವರ ಮಡಿ ಎಂದು ನಾವು ತಿಳಿದಿದ್ದೆವು, ಓಗಾವಾ ಅವರ ಮನೆಯ ರೂಢಿ ಎಂದು ಈಗ ತಿಳಿಯಿತು.

ಆಮೇಲೆ ಬಾಗಿ ನಮಸ್ಕಾರ. ತಲೆಯೆತ್ತಿ ನೋಡುತ್ತೇನೆ, ಎದುರಿಗೆ ಮೂಲಗುರುಗಳ ಫೋಟೊ, ಅದರ ಕೆಳಗೆ ಒಂದು ಗಲಾಸು. ಗೀರುಗೀರಿನ ದಪ್ಪ ಗಾಜಿನ ಗಲಾಸು, ನಮ್ಮ ಗಂಜಿನ ಹೋಟೆಲಿನಲ್ಲಿ ಅರ್ಧ ಚಹಾ ಕೊಡುತ್ತಾರಲ್ಲ ಅಂಥದ್ದೇ. ಅದರಲ್ಲಿ ಒಂದೇ ಒಂದು ಬಿಳಿ ಹೂ. ನಾನು ಕಣ್ಣುಜ್ಜಿಕೊಂಡೆ. ನಾವು ಅಲ್ಲಿ ಇವರ ಹೆಲ್ಮೆಟ್ಟಿಗೆ ಬಾಗುತ್ತಿದ್ದರೆ, ಇವರು ಇಲ್ಲಿ ನಮ್ಮ ಚಹಾ ಗಲಾಸಿಗೆ ಬಾಗುತ್ತಿದ್ದರು!

ಮೊದಲ ಪಟ್ಟಿಗೆ ಅಜ್ಜಿ "ಇಕ್ಕಾಜೊ" ಎಂದಾಗ ತವರಿನವರು ಸಿಕ್ಕ ಹಾಗಾಯಿತು. ಗಲಾಸಿನ ಆಘಾತದಿಂದ ನಾನಿನ್ನೂ ಚೇತರಿಸಿಕೊಳ್ಳುವ ಮೊದಲೇ ಅವರು ಚಪ್ಪಾಳೆ ತಟ್ಟಿ ಮುಂದಿನ ಪಟ್ಟಿನ ಹೆಸರು ಕೂಗಿದರು: "ಕಮರಾಪುರು!"

ಎಲ್ಲ ಜೋಡಿಗಳೂ ಎದ್ದವು. ಮೇಲಿಂದ ಹೊಡೆತ, ಪಕ್ಕಕ್ಕೆ ಹೊಕ್ಕು, ತೋಳು ಹಿಡಿದು, ಕಾಲು ಮುಂದಕ್ಕೆ ಜಾರಿಸಿ ಕುಸಿತ. ಎದುರಿನವರು ತಲೆಯ ಮೇಲಿಂದ ಹಾರಿ ಆಚೆ. ಓಗಾವಾ ಪಟ್ಟು! ನಾನು ಹುಚ್ಚಿಯ ಹಾಗೆ ನಡುವೆ ನಿಂತುಬಿಟ್ಟೆ. ಮೊರಿಯವರು ಬಂದು ಹುಷಾರಿಲ್ಲವೇ ಎಂದರು.

"ಆ ಹೆಸರು... ಈಗ ಕೂಗಿದರಲ್ಲ, ಆ ಹೆಸರು ಏನು?"

ಅಜ್ಜಿಯ ಉತ್ತರವನ್ನು ಮೊರಿಯವರು ಒಂದೊಂದಾಗಿ ಹೇಳಿದರು. ಓಗಾವಾ ಸಾನ್, ಅಂದರೆ ಓಗಾವಾ ಅವರು, ಇದನ್ನು ಭಾರತದಿಂದ ತಂದರು. ಅಲ್ಲಿ ಕಮಲಾಪುರ ಎಂಬ ಊರಿನ ಬಸಣ್ಣ ಎಂಬ ಪೈಲ್ವಾನರು ಇದನ್ನು ಅವರಿಗೆ ಕೊಟ್ಟರು. ಕೊಟ್ಟವರ ಊರಿನ ಹೆಸರಿನಿಂದಲೇ ಪಟ್ಟನ್ನು ಕರೆಯುವುದು ಆ ಕಡೆಯ ಗರಡಿಗಳ ರೂಢಿಯಂತೆ. ಅದಕ್ಕೇ ಈ ಹೆಸರು.

"ಇಲ್ಲ ಇಲ್ಲ, ತಪ್ಪು. ಬಸಣ್ಣ ನನ್ನ ಗುರುಗಳು. ಅವರಿಗೆ ಓಗಾವಾ ಅವರೇ ಕೊಟ್ಟದ್ದು. ಅದಕ್ಕೇ ನಾವು ಓಗಾವಾ ಪಟ್ಟು ಅನ್ನುತ್ತೇವೆ," ಎಂದೆ.

ಈಗ ಬಾಯಿ ತೆರೆದು ನಿಲ್ಲುವ ಪಾಳಿ ಅವರದಾಯಿತು.

ಆ ಸಂಜೆ ಅಜ್ಜಿ ನನ್ನನ್ನು ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಊರ ಹೆಂಗಸರೆಲ್ಲ ಮೈಮೇಲೆ ಎಳೆ ನೂಲಿಲ್ಲದೆ, ಹಬ್ಬದ ಅಡುಗೆ ಮಾತಾಡುವ ಹಾಗೆ ಮಾತಾಡುತ್ತ ಕೂತಿದ್ದರು. ಬೇರೆ ದಿನವಾಗಿದ್ದರೆ ನಾನು ಅಲ್ಲೇ ಮೂರ್ಛೆ ಹೋಗುತ್ತಿದ್ದೆ. ಅಂದು ಮಾತ್ರ ಕುತ್ತಿಗೆ ತನಕ ನೀರಿಗಿಳಿದು ಒಂದೇ ಯೋಚನೆ ಮಾಡುತ್ತಿದ್ದೆ. ಇವರು ಇದು ನಿಮ್ಮದು ಅನ್ನುತ್ತಾರೆ, ನಾವು ಇದು ನಿಮ್ಮದು ಅನ್ನುತ್ತೇವೆ. ಎರಡೂ ಮನೆಯವರು ನಮ್ಮದಲ್ಲ ಅಂದ ಕೂಸು ಯಾರದು? ಇದನ್ನು ಮಾಸ್ತರರಿಗೆ ಹೇಗೆ ಹೇಳುವುದು? ನಿಮ್ಮ ಪಟ್ಟು ಜಪಾನಿನದೇ ಅಲ್ಲವಂತೆ ಎಂದರೆ ಅವರು ಜಮಖಾನೆಯನ್ನು ಅಟ್ಟದಿಂದ ಇಳಿಸುವುದಿರಲಿ, ಸುಟ್ಟೇ ಹಾಕಿಯಾರು.

ಮರುದಿನ, ಅದೇ ಊರು

ಹೇಳದೆ ಬೇರೆ ದಾರಿಯಿರಲಿಲ್ಲ. ಮರುದಿನ ಪಾಠದ ಹೊತ್ತಿಗೆ ಕಮಲಾಪುರಕ್ಕೆ ವಿಡಿಯೊ ಕಾಲ್ ಮಾಡಿದೆ. ಜಪಾನಿನಲ್ಲಿ ಸಂಜೆ, ಕಮಲಾಪುರದಲ್ಲಿ ಇನ್ನೂ ಸುಡು ಬಿಸಿಲು. ಮಾಸ್ತರರ ಸೊಸೆ ಶಾಂತಾ ಫೋನು ಎತ್ತಿ, ಊಟ ಮಾಡಿ ಅಡ್ಡಾಗಿದ್ದ ಮಾವನ ಮುಖದ ಮುಂದೆ ಹಿಡಿದಳು. ಮೊದಲು ಬರೀ ಬಿಳಿ ಮೀಸೆ ಕಂಡಿತು.

"ಯಾರು? ಸುವರ್ಣವ್ವಾ? ಎಲ್ಲಿದ್ದಿ ಯವ್ವಾ, ಆರಾಮದಿಲ್ಲ?"

"ಓಗಾವಾ ಸಾಹೇಬ್ರ ಊರಾಗ ಅದೀನ್ರಿ ಮಾಸ್ತರ. ಏನೂ ಮಾತಾಡಬ್ಯಾಡ್ರಿ, ಮೊದಲ ಇದನ್ನ ನೋಡ್ರಿ."

ಅಜ್ಜಿಗೆ ಸನ್ನೆ ಮಾಡಿದೆ. ಅವರು ಗಂಟಲು ಸರಿಮಾಡಿಕೊಂಡು, ಎಂದಿಗಿಂತ ಜೋರಾಗಿ "ಕಮರಾಪುರು!" ಎಂದರು. ಹಾಲ್ ತುಂಬ ಜನ ಕುಸಿದರು, ಜನ ಹಾರಿದರು, ನೆಲ ಧಡಧಡ ಎಂದಿತು.

ಮಾಸ್ತರರು ಎದ್ದು ಕೂತರು. "ಅವ್ರು ನಮ್ಮೂರ ಹೆಸರು ಯಾಕ ಒದರಾಕತ್ತಾರ?"

"ಅವರ ಮಂದಿ ಈ ಪಟ್ಟಿಗೆ ಕಮಲಾಪುರ ಅಂತಾರ್ರಿ. ನೀವೇ ಸಾಹೇಬ್ರಿಗೆ ಕಲಿಸಿದ್ದಂತ."

"ನಾ?" ಮಾಸ್ತರರ ದನಿ ಏರಿತು. "ಸುಳ್ಳು! ಶುದ್ಧ ಸುಳ್ಳು! ಗರಡ್ಯಾಗ ತಾನೇ ಮೊಣಕಾಲೂರಿ ಕುಸಿಯೋ ಡಾವು ಎಲ್ಲ್ಯರ ಇರ್ತದೇನು? ಹಂಗ ಕುಸಿದ್ರ ನಮ್ಮ ಉಸ್ತಾದ ಚಡ್ಡಿ ಬಿಚ್ಚಿ ಹೊರಗ ಹಾಕತಿದ್ದ. ಸಾಹೇಬ್ರೇ ನನಗ ಒಗದಾರ. ಹೇಳವ್ವಾ ಆಕಿಗೆ."

ಹೇಳಿದೆ. ಅಜ್ಜಿಯ ಕೆನ್ನೆ ಕೆಂಪಾಯಿತು. ಓಗಾವಾ ಸಾನ್ ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ, ಐಕಿಡೊದಲ್ಲಿ ಕಾಲು ಜಾರುವ ಹೆಜ್ಜೆಯೇ ಇಲ್ಲ, ಅವರಿಗೆ ಇದು ಹೇಗೆ ಗೊತ್ತಿದ್ದೀತು, ಇದು ಆ ಮಹಾಶಯರದೇ ಎಂದರು. ನಾನು ಅದನ್ನೂ ತಿರುಗಿಸಿ ಹೇಳಿದೆ. ಮಾಸ್ತರರು ತೊಡೆ ತಟ್ಟಿದರು. ಇಂಥ ಜಗಳ ನಾನು ಎಂದೂ ನೋಡಿರಲಿಲ್ಲ. ನಮ್ಮಲ್ಲಿ ಬದುವಿನ ಒಂದು ಗೇಣು ನನ್ನದು ನನ್ನದು ಎಂದು ತಲೆ ಒಡೆದುಕೊಳ್ಳುತ್ತಾರೆ. ಇವರಿಬ್ಬರು ನಿನ್ನದು ನಿನ್ನದು ಎಂದು ಸಮುದ್ರದ ಮೇಲಿಂದ ಬಡಿದಾಡುತ್ತಿದ್ದರು, ನಾನೂ ಮೊರಿಯವರೂ ನಡುವೆ ಬೆವರುತ್ತಿದ್ದೆವು.

"ಆ ಸಂಜೀದ್ದು ನನಗ ನಿನ್ನಿ ಆದಂಗ ನೆನಪದ," ಎಂದರು ಮಾಸ್ತರರು. "ನಾ ಮ್ಯಾಲಿಂದ ಕೈ ಬೀಸಿದೆ. ಅವ್ರು ಒಳಗ ಹೊಕ್ಕರು. ಅಷ್ಟ. ಮುಂದ ನಾ ಗ್ವಾಡಿಗೆ ಬಿದ್ದಿದ್ದೆ, ಚಾದ ಗಲಾಸು ಒಡದಿತ್ತು. ಉಳಿದ ಇನ್ನೊಂದು ಗಲಾಸು ಹೋಗೋವಾಗ ಅವ್ರೇ ನೆನಪಿಗಂತ ಬೇಡಿ ಒಯ್ದರು."

ಮೊರಿಯವರು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ಕಣ್ಣೂ ಬಿಳಿ ಹೂವಿನ ಗಲಾಸಿನ ಕಡೆ ಹೋಗಿದ್ದವು. ಅಜ್ಜಿ ಮೆಲ್ಲಗೆ ಮಾತಾಡಿದರು. ಓಗಾವಾ ಸಾನ್ ಹೇಳುತ್ತಿದ್ದದ್ದೂ ಅದೇ ಸಂಜೆಯಂತೆ. 'ಆ ಪೈಲ್ವಾನ್ ಕೈ ಬೀಸಿದ, ನಾನು ಹೊಕ್ಕೆ, ಅಷ್ಟರಲ್ಲಿ ನಾನು ನೆಲದ ಮೇಲಿದ್ದೆ, ಬಿದ್ದದ್ದೇ ತಿಳಿಯಲಿಲ್ಲ. ಒಂದು ಗಲಾಸು ಒಡೆದಿತ್ತು. ಕಾಲ ಕೆಳಗಿದ್ದ ಪಟ್ಟೆಪಟ್ಟೆಯ ಬಟ್ಟೆ ಗೋಡೆಯ ತನಕ ಹೋಗಿ ಮುದ್ದೆಯಾಗಿತ್ತು. ಮರುದಿನ ಆ ಪೈಲ್ವಾನ್ ಏನೋ ಕೈಸನ್ನೆ ಮಾಡಿದ. ನನ್ನನ್ನು ಒಗೆದದ್ದು ನೆನಪಿದೆಯೇ ಎಂದು ಕೇಳುತ್ತಿದ್ದಾನೆ ಅನ್ನಿಸಿತು. ನಾನು ನಕ್ಕು ಅವನ ಬೆನ್ನು ತಟ್ಟಿದೆ.'

ನಾನು ಇದನ್ನು ಮಾಸ್ತರರಿಗೆ ಹೇಳಿದೆ. ಅವರು ಫೋನನ್ನು ಶಾಂತಾಳ ಕೈಯಿಂದ ತಾವೇ ತೆಗೆದುಕೊಂಡರು.

"ಜಮಖಾನಿ ಗ್ವಾಡಿ ತನಕ ಹೋಗಿತ್ತು ಅಂದ್ರ?"

"ಹೌದ್ರಿ. ಮುದ್ದಿ ಆಗಿತ್ತಂತ."

ಅವರು ತಮ್ಮಷ್ಟಕ್ಕೆ ಎನ್ನುವ ಹಾಗೆ ಹೇಳಿದರು. "ಸಾಹೇಬ್ರು ನೆಲಾ ಒರಿಸದ ಶುರು ಮಾಡ್ತಿದ್ದಿಲ್ಲ. ಆ ದಿನ ಒರಿಸಿದ್ರು, ನೆಲಾ ಹಸಿ ಇತ್ತು. ನಾ ಅವಸರದಾಗ ಆ ಹಸಿ ಶಹಾಬಾದಿ ಕಲ್ಲಿನ ಮ್ಯಾಲೇ ಜಮಖಾನಿ ಹಾಸಿಬಿಟ್ಟೆ."

ಮೊರಿಯವರು ನನ್ನ ತೋಳು ಜಗ್ಗಿ ಏನಂತೆ ಏನಂತೆ ಎಂದರು. ನೆಲ ಒರೆಸುವುದು ಇವರ ರೂಢಿ, ಹಾಸುವುದು ನಮ್ಮ ರೂಢಿ. ಎರಡೂ ಸೇರಿ ಜಮಖಾನೆ ಜಾರಿತ್ತು. ಒಬ್ಬರು ಕುಸಿದರು, ಅವರ ಮೇಲಿಂದ ಇನ್ನೊಬ್ಬರು ಹಾರಿದರು. ಯಾರೂ ಯಾರನ್ನೂ ಒಗೆದಿರಲಿಲ್ಲ. ಭಾಷೆ ಬಾರದ ಇಬ್ಬರು ದೊಡ್ಡ ಮನಸ್ಸಿನವರು, ಅಬ್ಬಾ ಇವನೆಂಥ ಪಟ್ಟು ಹಾಕಿದ ಎಂದು ಒಬ್ಬರನ್ನೊಬ್ಬರು ಮೆಚ್ಚಿ, ಆ ಜಾರಿದ ಹೆಜ್ಜೆಯನ್ನು ಜೀವಮಾನವಿಡೀ ತಿದ್ದಿ ತೀಡಿ ಎರಡು ದೇಶಗಳಲ್ಲಿ ಕಲಿಸಿದ್ದರು.

ತಡವರಿಸುತ್ತ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ನಾನು ಫೋನಿನ ಕಡೆ ನೋಡಲು ಹೆದರಿದೆ. ಖೊಟ್ಟಿ ಎಂಬ ಮಾತಿಗೆ ಒಂದು ವರ್ಷದಿಂದ ಕ್ಲಾಸು ಬಿಟ್ಟು ಕೂತಿದ್ದ ಮನುಷ್ಯನಿಗೆ ನಾನೇ ಇಷ್ಟು ದೂರ ಬಂದು ಸಾಕ್ಷಿ ಒದಗಿಸಿದ ಹಾಗಾಯಿತಲ್ಲ.

ಫೋನಿನಿಂದ ಏನೋ ಗೊರಗೊರ ಸದ್ದು ಬಂತು. ಮಾಸ್ತರರು ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಮೀಸೆ ಅಲುಗುವ ಹಾಗೆ, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದರು. "ಹಂಗಂದ್ರ ನಮ್ಮಿಬ್ಬರ ಉಸ್ತಾದ ಜಮಖಾನಿ ಅಂದಂಗಾತು! ಸಾಹೇಬ್ರು ಇರಬೇಕಿತ್ತು ಯವ್ವಾ, ಸಾಹೇಬ್ರು ಇರಬೇಕಿತ್ತು."

ನಗು ಇಳಿದ ಮೇಲೆ ಅಜ್ಜಿ ಎದ್ದು ನಿಂತು, ಫೋನಿಗೆ ಬಾಗಿ, ಒಂದು ಪ್ರಶ್ನೆ ಕೇಳಿದರು. ಇನ್ನು ಮುಂದೆ ನಾವು ಇದನ್ನು ಏನೆಂದು ಕರೆಯಬೇಕು?

ಮಾಸ್ತರರು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. "ಹೆಸರು ಬದಲ ಮಾಡಬ್ಯಾಡ ಅನ್ನವ್ವಾ. ಅವ್ರು ನಮ್ಮೂರ ಹೆಸರ್ಲೇ ಕರೀಲಿ, ನಾವು ಅವರ ಹೆಸರ್ಲೇ ಕರೀತೀವಿ. ಜಾರಿದ್ದೂ ಖರೇ, ಬಿದ್ದಿದ್ದೂ ಖರೇ. ಇದ್ರಾಗ ಖೊಟ್ಟಿ ಏನದ?"

ನಾನು ಅದನ್ನು ಇಂಗ್ಲಿಷಿಗೆ ತರಲು ಒದ್ದಾಡುತ್ತಿರುವಾಗಲೇ ಫೋನಿನ ಪರದೆ ಓಲಾಡಿ, ತಗಡಿನ ಛಾವಣಿ ಕಂಡಿತು. ಮಾಸ್ತರರು ಅದನ್ನು ಹೊರಸಿನ ಮೇಲೆ ಬಿಟ್ಟು ಎದ್ದುಹೋಗಿದ್ದರು. ದೂರದಿಂದ ದನಿ ಮಾತ್ರ ಕೇಳುತ್ತಿತ್ತು.

"ಶಾಂತಾ, ಏಣಿ ಹಿಡಿಯವ್ವಾ. ಅಟ್ಟದ ಮ್ಯಾಲಿನ ಜಮಖಾನಿ ಇಳಸ್ತೀನಿ. ಹುಡುಗೋರಿಗೆ ಹೇಳಿ ಕಳಸು, ಸಂಜೀಕ ಬರ್ಲಿ."

ಏನೋ ಭಾರವಾದದ್ದು ಧೊಪ್ಪನೆ ಬಿದ್ದ ಸದ್ದಾಯಿತು. ಒಂದು ವರ್ಷದ ಧೂಳಿಗೆ ಮಾಸ್ತರರು ಎರಡು ಸಲ ಸೀನಿದ್ದು ಕ್ಯೂಷುವಿನ ಆ ಹಾಲ್‌ನಲ್ಲಿ ಎಲ್ಲರಿಗೂ ಕೇಳಿಸಿತು.